ಕಣ್ಣು ಮುಚ್ಚಿ ಪ್ರಾರ್ಥಿಸೋಣ

ಎಸ್ತೇರ ಓಡುತ್ತಲೇ ಚರ್ಚಿನೊಳಗೆ ಬಂದು ಬಾಗಿಲು ಎಳೆದುಕೊಂಡಳು. ಬೆಟಗೇರಿಯ ಆ ಹಳೆಯ ಚರ್ಚಿಗೆ ಹೊಸ ಛಾವಣಿ ಹಾಕಿಸಿದ್ದರು. ಮರುದಿನ ಭಾನುವಾರ ಬಿಷಪ್ಪರು ಬಂದು ಪ್ರತಿಷ್ಠೆ ಮಾಡುವವರಿದ್ದರು. ವೇದಿಕೆಯ ಬಳಿ ಪಾಸ್ಟರ್ ಮತ್ತು ಸ್ತ್ರೀಯರ ಸಂಘದ ಅಧ್ಯಕ್ಷೆ ಮರಿಯವ್ವ ಪರದೆಯ ಬಟ್ಟೆ ಹಿಡಿದುಕೊಂಡು, ಕೆಂಪು ಚೆಂದವೋ ನೇರಳೆ ಚೆಂದವೋ ಎಂದು ವಾದಿಸುತ್ತಿದ್ದರು.

“ಪಾಸ್ಟರ್, ಗಾಡ್ಯಾಗಿನ ಪೆಟ್ರೋಲ್ ಬಾಟ್ಲ್ಯಾಗ ತಗದು ತಲಿದಿಂಬಿನ ಬಾಜೂಕ ಇಟ್ಕೊಂಡಾನ್ರಿ. ಇವತ್ತ ನಿಂದು ಮುಗಸ್ತೇನಿ ಅಂತಾನ್ರಿ.”

ಯಾರು ಎಂದು ಅವರು ಕೇಳಲಿಲ್ಲ. ಎಸ್ತೇರಳ ಗಂಡ ಆಮೋಸ ಅವಳ ಮೇಲೆ ಕೈ ಮಾಡುವುದು ಇಡೀ ಸಭೆಗೆ ಗೊತ್ತಿತ್ತು. ಅವನು ಕೀಬೋರ್ಡಿಗೆ ಕೂರದಿದ್ದರೆ ಆರಾಧನೆಯಲ್ಲಿ ಹಾಡೇ ಏಳುವುದಿಲ್ಲ ಎಂಬುದೂ ಗೊತ್ತಿತ್ತು.

“ಮೊದ್ಲ ಕುಂಡ್ರವಾ,” ಎಂದರು ಪಾಸ್ಟರ್. “ಸಿಟ್ಟಿನ್ಯಾಗ ಏನರ ಅಂದಿರ್ತಾನ. ನಾಳಿ ಹಾಡಿನ ಚಿಂತಿ ಇರ್ತೈತಿ ಅವಂಗ.”

“ಖರೇನ ಮಾಡ್ತಾನ್ರಿ. ನಾ ಅವನ ಕಣ್ಣು ನೋಡೇನಿ. ಪೊಲೀಸರ ಕಡೆ ಹೋಗ್ಲೇನ್ರಿ?”

ಪಾಸ್ಟರ್ ಬಟ್ಟೆಯನ್ನು ಬೆಂಚಿನ ಮೇಲಿಟ್ಟರು. “ನಾಳಿ ಬಿಷಪ್ಪರು ಬರೂದೈತಿ. ಇವತ್ತ ನಮ್ಮ ಚರ್ಚಿನ ಮಂದಿ ಠಾಣೆ ಮೆಟ್ಟಲ ಹತ್ತಿದ್ರ ಊರಾಗ ಏನಂದಾರು? ಸೋಮವಾರ ನಾನ ಬಂದು ಅವಂಗ ಬುದ್ಧಿ ಹೇಳ್ತೇನಿ.”

ಸೋಮವಾರದವರೆಗೆ ತಾನು ಇರುತ್ತೇನೆಂಬ ನಂಬಿಕೆ ಎಸ್ತೇರಳಿಗಿರಲಿಲ್ಲ. ಅವಳು ಮರಿಯವ್ವನ ಕಡೆ ತಿರುಗಿದಳು. “ಅಕ್ಕಾರ, ಇದೊಂದು ರಾತ್ರಿ ನಿಮ್ಮ ಮನ್ಯಾಗ ಇಟ್ಕೋರ್ರಿ. ಅಡಿಗಿಮನ್ಯಾಗ ಬಿದ್ದಿರ್ತೇನಿ. ಮುಂಜಾನೆದ್ದು ಮುಳಗುಂದಕ್ಕ ನಮ್ಮವ್ವನ ಕಡೆ ಹೊಂಟ್ಹೋಗ್ತೇನ್ರಿ.”

“ಬಿಷಪ್ಪರ ಊಟ ನಮ್ಮಲ್ಲೇ ಐತವಾ, ಬೀಗ್ರೆಲ್ಲಾ ಬಂದಾರ.” ಮರಿಯವ್ವ ಸೆರಗು ಸರಿಮಾಡಿಕೊಂಡಳು. “ನಿನ್ನ ಮಾರಿ ಬಾತದ್ದು ನೋಡಿ ಕೇಳಿದ್ರ ಏನಂತ ಹೇಳೂದು?”

ಬಾಗಿಲು ತೆರೆದುಕೊಂಡಿತು. ಆಮೋಸ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಹಾಡಿನ ಪುಸ್ತಕ.

“ಪ್ರಾಕ್ಟೀಸಿಗೆ ಬಂದೆ, ಪಾಸ್ಟರ್,” ಎಂದು ನಕ್ಕ. “ಇಕಿ ಇಲ್ಲೇ ಅದಾಳೇನ್ರಿ? ಓಣಿ ತುಂಬ ಹುಡುಕಾಡಿದೆ.”

ಎಸ್ತೇರ ಬೆಂಚಿನ ಹಿಂದೆ ಸರಿದಳು. ಪಾಸ್ಟರ್ ಮುಖ ಮಾತ್ರ ಹಗುರಾಯಿತು. ಗಂಡ ಹೆಂಡತಿಯನ್ನು ಜೊತೆಗೆ ನಿಲ್ಲಿಸಿ, ಅವಳ ಕೈ ಹಿಡಿದು ಅವನ ಕೈಯಲ್ಲಿಟ್ಟರು. “ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನೀನು ಕೂಡಿಸಿದ ಈ ಕುಟುಂಬಕ್ಕೆ ಸಮಾಧಾನ ಕೊಡು...”

ಅವನ ಹೆಬ್ಬೆರಳಿನ ಉಗುರು ಅವಳ ಮಣಿಕಟ್ಟಿನೊಳಗೆ ಇಳಿಯಿತು. ಎಸ್ತೇರ ಕಣ್ಣು ತೆರೆದಳು. ಅವನು ಮುಚ್ಚಿಯೇ ಇರಲಿಲ್ಲ. ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದ. ಕೈ ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ. ಉಗುರಿನ ಅಂಚಿನಲ್ಲಿ ರಕ್ತ ಜಿನುಗಿತು.

ಅವಳು ತಲೆಯೆತ್ತಿದಳು. ಎದುರಿಗೆ ಮರಿಯವ್ವನ ಕಣ್ಣೂ ತೆರೆದಿತ್ತು. ಆಕೆ ಆ ಕೈಯನ್ನು ನೋಡಿದಳು, ರಕ್ತವನ್ನು ನೋಡಿದಳು, ಎಸ್ತೇರಳ ಮುಖವನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡು, ಪಾಸ್ಟರ್ ಮುಗಿಸುವ ಮೊದಲೇ, ಗಟ್ಟಿಯಾಗಿ ‘ಆಮೆನ್’ ಎಂದಳು.