ಸಾಲಿನ ಮುಂದಿನ ಖಾಲಿ

ದಿನಾ ಬೆಳಗಿನ ಆರಕ್ಕೆ ಯಂತ್ರ ಊರನ್ನು ಹೊಸದಾಗಿ ಕಟ್ಟುತ್ತದೆ, ಊರಿನ ಜನರ ಸಮೇತ. ಯಾರು ಯಾರಿಗೆ ಬೇಕು ಎಂಬುದೆಲ್ಲ ಒಂದು ಕಡತದಲ್ಲಿದೆ. ಯಾರಿಗೂ ಬೇಡವಾದವರನ್ನು ಯಂತ್ರ ಕಟ್ಟುವುದಿಲ್ಲ. ಹಾಗೆ ಒಮ್ಮೆ ಕಟ್ಟದೆ ಬಿಟ್ಟವರು ಮತ್ತೆ ಬರುವುದಿಲ್ಲ.

ಮೂವತ್ತು ವರ್ಷ ಆ ಕಡತ ನೋಡಿಕೊಂಡ ಗುರುಪಾದಪ್ಪನವರು ಅಂದು ಸಂಜೆ ಐದಕ್ಕೆ ನಿವೃತ್ತರಾದರು. ಆದರೂ ಹೊರಡದೆ, ಅವರ ಜಾಗಕ್ಕೆ ಬಂದ ನೀಲಾಂಬಿಕೆಗೆ ಕಂಪ್ಯೂಟರಿನಲ್ಲಿ ಕಡತ ತಿದ್ದುವ ಹೊಸ ಎಡಿಟರ್ ಸಜ್ಜುಮಾಡಿಕೊಡುತ್ತ ಕೂತರು.

“ಮೊದಲು ಟ್ಯಾಬ್ ಕೀಲಿ ಸರಿ ಮಾಡ್ಕೋವಾ. ಇದು ಟ್ಯಾಬ್ ಬದಲಿ ನಾಲ್ಕು ಸ್ಪೇಸ್ ಹಾಕ್ತದ. ನೋಡಾಕ ಎರಡೂ ಒಂದ. ಆದ್ರ ಸಾಲಿನ ಮುಂದ ಟ್ಯಾಬ್ ಬಿಟ್ಟು ಸ್ಪೇಸ್ ಇದ್ರ ಯಂತ್ರ ಆ ಸಾಲು ಓದೂದಿಲ್ಲ.”

“ಮಾಡ್ತೀನ್ರಿ ಸರ. ಈ ಹೆಸರುಗಳ ಬಣ್ಣದ್ದೊಂದು ಮುಗಿಸಿಬಿಡ್ತೀನಿ.”

ಎಡಿಟರ್‌ನಲ್ಲಿ ಬೇಕಾದವರ ಹೆಸರು ಹಸಿರಾಗಿ, ಯಾರಿಗೂ ಬೇಡದ ಹೆಸರು ಬೂದು ಬಣ್ಣಕ್ಕೆ ತಿರುಗಬೇಕಿತ್ತು. ಒಂದೇ ಒಂದು ತಿರುಗಿತು: ಗುರುಪಾದಪ್ಪ. ಅವರ ಹೆಸರಿನ ಕೆಳಗೆ ಇದ್ದದ್ದು ‘ಕಚೇರಿಗೆ ಬೇಕು’ ಎಂಬ ಸಾಲೊಂದೇ, ಐದಕ್ಕೆ ಅದೂ ಅಳಿಸಿಹೋಗಿತ್ತು.

ಅವರು ಕನ್ನಡಕ ತೆಗೆದು ಒರೆಸಿದರು. “ಬಣ್ಣ ಬರೋಬ್ಬರಿ ಬಂದಾವು ನೋಡು.”

ನೀಲಾಂಬಿಕೆ ಆ ಹೆಸರಿನ ಕೆಳಗೆ ಟ್ಯಾಬ್ ಒತ್ತಿ ಹೊಸ ಸಾಲು ಬರೆದಳು: ನೀಲಾಂಬಿಕೆಗೆ ಬೇಕು. ಹೆಸರು ಹಸಿರಾಯಿತು.

“ನಾಳೆ ಚಹಾಕ್ಕ ಬರ್ರಿ ಸರ.”

“ಬರ್ತೀನವಾ,” ಎಂದು ನಕ್ಕರು.

ಮರುದಿನ ಬೆಳಿಗ್ಗೆ ಅವಳು ತರಿಸಿದ ಎರಡೂ ಚಹಾ ಆರಿಹೋದವು. ಕಡತ ತೆರೆದಳು. ಹೆಸರು ಹಸಿರಾಗಿಯೇ ಇತ್ತು, ಕೆಳಗೆ ಅವಳ ಸಾಲೂ ಇತ್ತು. ಕರ್ಸರನ್ನು ಆ ಸಾಲಿನ ಮೊದಲಿಗೆ ತಂದು ಬಾಣದ ಕೀಲಿ ಒತ್ತಿದಳು. ಟ್ಯಾಬ್ ಆಗಿದ್ದರೆ ಒಂದೇ ನೆಗೆತಕ್ಕೆ ದಾಟಬೇಕಿತ್ತು.

ಮತ್ತೆ ಒತ್ತಿದಳು. ಮತ್ತೆ. ಮತ್ತೆ. ಅಕ್ಷರ ಮುಟ್ಟಲು ಕರ್ಸರ್ ನಾಲ್ಕು ಹೆಜ್ಜೆ ಇಟ್ಟಿತು.