ಎಲ್ಲ ಗೋಡೆಗಳ ಅಮ್ಮ

ಮೂರನೆಯ ಮನೆಯ ಗೋಡೆಯ ಮೇಲೂ ಅಮ್ಮ ಇದ್ದಳು.

ಯುವಕ ಕರೆಂಟ್ ಮೀಟರ್ ಓದುವುದನ್ನು ಬಿಟ್ಟು ಜೇಬಿನಿಂದ ಫೋಟೋ ತೆಗೆದು ಪಕ್ಕಕ್ಕೆ ಹಿಡಿದ. ತಲೆಯ ಮೇಲೆ ಹೊದ್ದ ಅದೇ ಶಾಲು. ಅದೇ ತೆಳು ತುಟಿ. ಗದ್ದದಲ್ಲಿ ತುಸು ಓರೆಯಾದ ಅದೇ ಗುಳಿ. ಗೋಡೆಯವಳಿಗೆ ಮೂಗುಬೊಟ್ಟಿತ್ತು, ಕೊರಳಲ್ಲಿ ಸರವಿತ್ತು. ಅವನ ಕೈಯಲ್ಲಿದ್ದವಳಿಗೆ ಎರಡೂ ಇರಲಿಲ್ಲ.

"ನಮ್ಮತ್ತೆ," ಎಂದಳು ಗಿರಣಿಯವನ ಹೆಂಡತಿ. "ಬಾವಿಗೆ ಬಿದ್ದು ಹೋದ್ರು. ಯಾಕಪ್ಪಾ, ಹೀಗೆ ಬಿಳಿಚ್ಕೊಂಡೆ? ನಮ್ಮತ್ತೆ ಸತ್ತ ಮೇಲೆ ಯಾರನ್ನೂ ಹೆದರಿಸಿಲ್ಲ. ಬದುಕಿದ್ದಾಗ ಬೇರೆ ಮಾತು."

ಇದಕ್ಕೂ ಮೊದಲು ಹೋದ ದರ್ಜಿಯ ಮನೆಯಲ್ಲಿ ಅವಳು ದರ್ಜಿಯ ಅಕ್ಕ, ಜ್ವರದಲ್ಲಿ ಸತ್ತವಳು. ಸೈಕಲ್ ರಿಪೇರಿಯವನಿಗೆ ಮೊದಲ ಹೆಂಡತಿ, ಹೆರಿಗೆಯಲ್ಲಿ ಹೋದವಳು. ಒಬ್ಬಳೇ ಹೆಂಗಸು ಎಷ್ಟು ಸಲ ಸಾಯಬಹುದು?

ಅವನು ಬೆಳೆದದ್ದು ದೂರದ ಅನಾಥಾಲಯದಲ್ಲಿ. ಬಾಗಿಲಲ್ಲಿ ಬಿಟ್ಟುಹೋದ ಮಗುವಿನ ಜೊತೆ ಸಿಕ್ಕಿದ್ದು ಈ ಫೋಟೋ ಒಂದೇ; ಫೋಟೋದ ಬೆನ್ನಿಗೆ ಈ ಊರಿನ ಸ್ಟುಡಿಯೋದ ಮುದ್ರೆ. "ಅಮ್ಮನನ್ನೇ ಅಚ್ಚು ಹಾಕಿದ ಹಾಗಿದ್ದೀಯ," ಎಂದು ಆಯಾ ಅವನ ಗದ್ದ ಹಿಡಿದು ಹೇಳುತ್ತಿದ್ದಳು. ತನ್ನದೆಂದು ಅವನಿಗಿದ್ದದ್ದು ಆ ಹೋಲಿಕೆ ಮಾತ್ರ. ಕೆಲಸ ಸಿಕ್ಕಾಗ ಈ ಊರನ್ನೇ ಕೇಳಿ ಬಂದಿದ್ದ.

ಬೀದಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. "ನಿನ್ನನ್ನ ಎಲ್ಲೋ ನೋಡಿದ ಹಾಗಿದೆಯಲ್ಲಪ್ಪಾ," ಎನ್ನುತ್ತಿದ್ದರು. ಎಲ್ಲಿ ಎಂದು ಯಾರಿಗೂ ನೆನಪಾಗುತ್ತಿರಲಿಲ್ಲ.

ಅವನು ನೇರವಾಗಿ ಸ್ಟುಡಿಯೋಗೆ ಹೋದ. ಎದೆಯವರೆಗೆ ಬಿಳಿ ಗಡ್ಡ ಇಳಿಬಿಟ್ಟ ಫೋಟೋಗ್ರಾಫರ್ ಲೆನ್ಸ್ ಒರೆಸುತ್ತ ಕೂತಿದ್ದ. "ಇದು ನಮ್ಮಮ್ಮ," ಎಂದು ಯುವಕ ಮುಂದೆ ಚಾಚಿದ ಫೋಟೋವನ್ನು ಕಣ್ಣ ಕೊನೆಯಲ್ಲಿ ನೋಡಿದ.

"ಇದು ನಿಮ್ಮಮ್ಮ ಅಲ್ಲ ಮಗಾ. ಯಾರಮ್ಮನೂ ಅಲ್ಲ."

"ಊರ ತುಂಬ ಇದ್ದಾಳಲ್ಲ?"

"ಆಗೆಲ್ಲ ಹೆಂಗಸರ ಫೋಟೋ ಯಾರು ತೆಗೆಸ್ತಿದ್ರು? ಸತ್ತ ಮೇಲೆ ಬಂದು ಅಳೋರು, ಗೋಡೆಗೆ ಒಂದು ಮುಖ ಬೇಕು ಅಂತ. ಒಂದೇ ನೆಗೆಟಿವ್ ಇಟ್ಕೊಂಡು, ಮನೆಗೆ ತಕ್ಕ ಹಾಗೆ ಮೂಗುಬೊಟ್ಟು, ಸರ ಬರೆದು ಕೊಡ್ತಿದ್ದೆ. ದಿನ ಕಳೆದ ಹಾಗೆ ನಿಜವಾದ ಮುಖ ಅವರಿಗೇ ಮರೆತುಹೋಗೋದು."

"ಪಕ್ಕದ ಮನೆಯವರಿಗೆ ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗದೆ ಏನು? ಬಾಯಿ ಬಿಡೋ ಹಾಗಿಲ್ಲ. ಅವರ ಗೋಡೆ ಮೇಲೂ ಅದೇ ಇದೆಯಲ್ಲ."

ಯುವಕನ ಕೈ ತನ್ನ ಗದ್ದಕ್ಕೆ ಹೋಯಿತು. ಇಷ್ಟು ವರ್ಷ ಕನ್ನಡಿಯಲ್ಲಿ ಮಾತನಾಡಿಸಿದ್ದು ಯಾರನ್ನು? "ಹಾಗಾದ್ರೆ ಇದು ಯಾರ ಮುಖ?"

"ಸತ್ತವಳಾಗಿ ಕೂರೋಕೆ ಯಾವ ಹೆಂಗಸು ಒಪ್ತಾಳೆ, ಹೇಳು."

ಮುದುಕ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಿಡಿದ ಕೈ ಅಲ್ಲೇ ನಿಂತಿತು.

"ಇದರ ಮೇಲೆ ಮೂಗುಬೊಟ್ಟು, ಸರ ಏನೂ ಬರೆದೇ ಇಲ್ಲ. ಇಂಥದ್ದನ್ನ ನಾನು ಯಾವ ಮನೆಗೂ ಕೊಟ್ಟಿಲ್ಲ." ದನಿ ಕುಗ್ಗಿತು. "ಪ್ರಿಂಟ್ ತೊಳೆಯೋಕೆ ಒಬ್ಬಳು ಬರ್ತಿದ್ಲು. ಕತ್ತಲೆ ಕೋಣೆಯಲ್ಲಿ ನಾವಿಬ್ಬರೇ ಇರ್ತಿದ್ವಿ. ಒಂದು ದಿನ ಹೇಳದೆ ಕೇಳದೆ ಊರು ಬಿಟ್ಲು. ಅದರ ಹಿಂದಿನ ದಿನ ಇದನ್ನ ಕೇಳಿ ಇಸ್ಕೊಂಡಿದ್ಲು."

"ಏನಂತ ಕೇಳಿದ್ಲು?"

ಮುದುಕ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದ.

"'ಊರವರದ್ದೆಲ್ಲ ತೆಗೀತೀರಿ, ನಿಮ್ಮ ಮುಖ ಅಂತ ಇರೋದು ಶಾಲು ಹೊದ್ದು ಕೂತ ಇದೊಂದೇ, ಇದನ್ನೇ ಕೊಡಿ' ಅಂದ್ಲು."