ಆರನೆಯ ಸಾಲಿನ ಹೆಸರು

ಅವಳು ಒಂಬತ್ತನೆಯ ಸಲ ಚಿದಂಬರನ ಲಾಗಿನ್ ಖಾತೆಯನ್ನು ಕಚೇರಿಯ ಡೇಟಾಬೇಸಿನಿಂದ ಅಳಿಸಿದಳು. ಅರ್ಧ ನಿಮಿಷಕ್ಕೆ ಅದು ಪರದೆಯ ಮೇಲೆ ಮತ್ತೆ ಬಂತು.

“ಇನ್ನೂ ಇದೆಯಲ್ರೀ!” ಮ್ಯಾನೇಜರ್ ಹಣೆ ಒರೆಸಿಕೊಂಡರು. “ತೀರಿಕೊಂಡವರ ಖಾತೆ ಇನ್ನೂ ಜೀವಂತ ಇದ್ರೆ ಆಡಿಟ್‌ನವರು ಸುಮ್ನೆ ಬಿಡ್ತಾರಾ? ಹನ್ನೊಂದಕ್ಕೆ ಬರ್ತಾರೆ. ನನ್ನ ಕೆಲಸ ಹೋಗುತ್ತೆ.”

“ಅಳಿಸ್ತಾನೇ ಇದೀನಿ ಸರ್. ತಾನಾಗೇ ವಾಪಸ್ ಬರುತ್ತೆ.”

ಅವರು ಕುರ್ಚಿ ಎಳೆದುಕೊಂಡು ಅದೇ ಪರದೆಯಲ್ಲಿ ಇನ್ನೊಂದು ಫೈಲು ತೆರೆದರು. ಯಾರ್ಯಾರ ಖಾತೆ ಇರಬೇಕೆಂದು ಅದರಲ್ಲಿ ಬರೆದಿರುತ್ತದೆ. ಬರೆದದ್ದು ಕಾಣೆಯಾದರೆ ವ್ಯವಸ್ಥೆಯೇ ಅದನ್ನು ಹೊಸದಾಗಿ ಹುಟ್ಟಿಸುತ್ತದೆ. ಆರನೆಯ ಸಾಲಿನಲ್ಲಿ ಚಿದಂಬರನ ಹೆಸರು ಹಾಗೇ ಇತ್ತು.

“ಇದೊಂದು ಸಾಲು ತೆಗೆದ್ರೆ ಮುಗೀತು, ಮತ್ತೆ ಬರಲ್ಲ. ಈ ಏರ್ಪಾಡು ಮಾಡಿದ್ದೇ ನೀವು. ಮರೆತುಬಿಟ್ರಾ?”

ಅವಳು ಹತ್ತನೆಯ ಸಲ ಅಳಿಸಿ, ಪರದೆಯನ್ನೇ ನೋಡುತ್ತ ಕುಳಿತಳು. ಹೆಸರು ಮರಳಿ ಬಂದ ಮೇಲೆಯೇ ಉಸಿರು ಬಿಟ್ಟಳು.

ಮ್ಯಾನೇಜರ್ ಅವಳ ಮುಖ ನೋಡಿ ದನಿ ತಗ್ಗಿಸಿದರು. “ನಿಮ್ಮ ಯಜಮಾನ್ರ ಹೆಸರು, ನಿಮ್ಮ ಕೈಲಿ ಆಗಲ್ಲಮ್ಮ. ಏಳಿ, ನಾನೇ ತೆಗೀತೀನಿ.”

“ಬೇಡ ಸರ್,” ಎಂದಳು. “ಅಳಿಸಿದಾಗೆಲ್ಲ ವಾಪಸ್ ಬರ್ತಾರಲ್ಲ.”